ಸರ್ವರ್ ನಂಜಮ್ಮನ ಮರುನಾಮಕರಣ

ನನ್ನ ಬೆರಳುಗಳಿಗೆ ನಾಚಿಕೆ ಎಂಬುದಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಆಫೀಸಿಗೆ ಬಂದು, ಊಟದ ಡಬ್ಬಿಯನ್ನು ಮೇಜಿನ ಕೆಳಗಿಟ್ಟು, ಕಂಪ್ಯೂಟರಿನ ಮುಂದೆ ಕೂತ ತಕ್ಷಣ ಅವು ನನ್ನನ್ನು ಒಂದು ಮಾತೂ ಕೇಳದೆ ಎನ್, ಎ, ಎನ್, ಜೆ ಎಂದು ಕುಟ್ಟಲು ತೊಡಗುತ್ತವೆ. ಜೆ ಹೊಡೆದ ಮೇಲೆ ನನಗೆ ಎಚ್ಚರವಾಗುತ್ತದೆ. ಅಳಿಸಿ ಹೊಸ ಹೆಸರು ಹೊಡೆಯುತ್ತೇನೆ. ಹೆಸರು ಬದಲಾಗಿ ಎಂಟು ತಿಂಗಳಾಯಿತು, ಬದಲಾಯಿಸಿದ ಮಹಾತಾಯಿ ನಾನೇ, ಆದರೂ ಬೆರಳುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಈ ವಯಸ್ಸಿನಲ್ಲಿ ಅವುಗಳನ್ನು ಬೈದು ಪ್ರಯೋಜನವಿಲ್ಲ. ಬೈಸಿಕೊಳ್ಳುವುದಕ್ಕೆ ಮನೆಯಲ್ಲಿ ನನ್ನ ಗಂಡ ಇದ್ದಾರೆ.

ನಮ್ಮದು ಸಹಕಾರನಗರದ ಒಂದು ಅಡ್ಡರಸ್ತೆಯಲ್ಲಿ, ಹಾಲಿನ ಬೂತಿನ ಪಕ್ಕದ ಸಣ್ಣ ಆಫೀಸು. ಮನೆ ಕಟ್ಟಿಸುವವರಿಗೆ ಪ್ಲಾನ್ ಹಾಕಿಕೊಡುತ್ತೇವೆ. ಯಜಮಾನರು ಮಹದೇವಯ್ಯನವರು, ಸಿವಿಲ್ ಎಂಜಿನಿಯರ್. ಹನ್ನೊಂದು ಕಂಪ್ಯೂಟರುಗಳಿವೆ, ಹಾಸಿಗೆಯಗಲದ ಹಾಳೆಯ ಮೇಲೆ ನಕ್ಷೆ ಮುದ್ರಿಸುವ ಪ್ಲಾಟರ್ ಎಂಬ ಯಂತ್ರವಿದೆ, ಮತ್ತು ಹಳೆಯ ಕಡತಗಳನ್ನು ತುಂಬಿದ ಚಿಕ್ಕ ಕೋಣೆಯಲ್ಲಿ ಹಗಲೂ ರಾತ್ರಿ ಗುಂಯ್ ಎನ್ನುವ ಒಂದು ಸರ್ವರ್ ಇದೆ. ನಾನು ಇಲ್ಲಿಗೆ ಟೈಪಿಸ್ಟ್ ಆಗಿ ಸೇರಿದವಳು. ಸೇರಿದ ಹೊಸದರಲ್ಲಿ ಪ್ರಿಂಟರಿನೊಳಗೆ ಸಿಕ್ಕಿಕೊಂಡಿದ್ದ ಕಾಗದವನ್ನು ಹೇರ್‌ಪಿನ್ನಿನಿಂದ ಹೊರಗೆಳೆದೆ. ಅದೇ ತಪ್ಪಾಯಿತು ನೋಡಿ. ಅವತ್ತಿನಿಂದ ಆಫೀಸಿನ ಕಂಪ್ಯೂಟರ್ ವಿಭಾಗಕ್ಕೆ ನಾನೇ ಮುಖ್ಯಸ್ಥೆ. ವಿಭಾಗದಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಆ ಪದವಿಗೆ ಪೈಪೋಟಿಯೂ ಇಲ್ಲ.

ಸರ್ವರಿಗೆ ಒಂದು ಡೊಮೇನ್ ಹೆಸರಿರುತ್ತದೆ. ಹಾಗೆಂದರೇನು ಎಂದು ಒಮ್ಮೆ ನನ್ನ ಓರಗಿತ್ತಿ ಕೇಳಿದ್ದರು. ಮನೆತನದ ಹೆಸರು ಇದ್ದ ಹಾಗೆ ಎಂದೆ. ಸರ್ವರ್ ಮನೆಯ ಹಿರಿಯ ತಲೆ, ಕಂಪ್ಯೂಟರುಗಳು ಮಕ್ಕಳು ಮೊಮ್ಮಕ್ಕಳು. ಬೆಳಿಗ್ಗೆ ಎದ್ದ ಒಂದೊಂದೂ ತಾನು ಇಂಥ ಮನೆತನದ್ದು ಎಂದು ಹೇಳಿಕೊಂಡರೆ ಮಾತ್ರ ಹಿರಿಯರು ಬಾಗಿಲು ತೆಗೆಯುತ್ತಾರೆ. ನಮ್ಮ ಆಫೀಸಿನ ಮನೆತನಕ್ಕೆ ಆಗಿದ್ದ ಹೆಸರು ನಂಜಮ್ಮ. ಅದು ಮಹದೇವಯ್ಯನವರ ತಾಯಿಯ ಹೆಸರು.

ಆ ನಾಮಕರಣ ನಡೆದ ದಿನ ನಾನು ಅಲ್ಲೇ ಇದ್ದೆ. ಹದಿನೈದು ವರ್ಷದ ಹಿಂದಿನ ಮಾತು. ಸರ್ವರ್ ಕೂರಿಸಲು ಬಂದಿದ್ದ ಮೆಕ್ಯಾನಿಕ್ ಪೆಟ್ಟಿಗೆ ಬಿಚ್ಚಿ, ವೈರುಗಳನ್ನು ಜೋಡಿಸಿ, ಪರದೆಯ ಮೇಲಿನ ಒಂದು ಖಾಲಿ ಜಾಗ ತೋರಿಸಿ, "ಸಾರ್, ಇಲ್ಲಿ ಒಂದು ಹೆಸ್ರು ಕೊಡ್ಬೇಕು" ಎಂದರು. ಮಹದೇವಯ್ಯನವರು ಗಡಿಯಾರ ನೋಡಿದರು. ಶುಕ್ರವಾರ, ಹನ್ನೊಂದು ಗಂಟೆ.

"ರಾಹುಕಾಲ ನಡೀತಿದೆಯಲ್ಲ. ಹನ್ನೆರಡಾಗ್ಲಿ, ಕೂತ್ಕೊಳ್ಳಿ."

"ಸಾರ್, ಆಫೀಸ್ ಹೆಸ್ರೇ ಹಾಕ್ಬಿಡ್ತೀನಿ. ಎಲ್ಲಾ ಕಡೆ ಹಂಗೇ ಮಾಡೋದು."

"ಹೆಸರಿಡೋದ್ರಲ್ಲಿ ಹಂಗೆಲ್ಲ ಅವಸರ ಮಾಡಬಾರ್ದು ಕಣಪ್ಪ."

ಮೆಕ್ಯಾನಿಕ್ ಎರಡು ಲೋಟ ಕಾಫಿ ಕುಡಿದು ಹನ್ನೆರಡರವರೆಗೆ ಕೂತರು. ಹನ್ನೆರಡು ಹೊಡೆದ ಮೇಲೆ ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಬಂದು, ಸರ್ವರಿಗೆ ಅರಿಶಿನ ಕುಂಕುಮವಿಟ್ಟು, ಊದುಬತ್ತಿ ಬೆಳಗಿ, ಅದರ ಕಿವಿ ಎಲ್ಲಿರಬಹುದು ಎಂದು ಹುಡುಕುವವರ ಹಾಗೆ ಸುತ್ತ ಒಮ್ಮೆ ಕಣ್ಣಾಡಿಸಿ, "ನಂಜಮ್ಮ ಅಂತ ಹಾಕಿ" ಎಂದರು. ಮೆಕ್ಯಾನಿಕ್ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಆಮೇಲೆ ಎಷ್ಟೋ ಆಯುಧಪೂಜೆಗಳು ಬಂದು ಹೋದವು. ಪ್ರತಿ ಸಲವೂ ನಂಜಮ್ಮನಿಗೆ ಸೇವಂತಿಗೆ ಹಾರ, ಬೂದುಗುಂಬಳದ ದೃಷ್ಟಿ. ಒಂದು ವರ್ಷ ಭಕ್ತಿ ಜಾಸ್ತಿಯಾಗಿ ಕುಂಕುಮ ಫ್ಯಾನಿನ ಕಿಂಡಿಯೊಳಗೆ ಹೋಗಿ, ಸರ್ವರ್ ಎರಡು ದಿನ ಉಬ್ಬಸಪಟ್ಟಿತು. ಇನ್ನು ಮುಂದೆ ಕುಂಕುಮ ಕೋಣೆಯ ಬಾಗಿಲಿಗೆ ಮಾತ್ರ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಮಹದೇವಯ್ಯನವರು ಒಪ್ಪಿದರು. ಆದರೆ ಹಾರ ಹಾಕುವುದನ್ನು ಮಾತ್ರ ಬಿಡಲಿಲ್ಲ. ಅವರ ತಾಯಿಯದು ಒಂದೇ ಒಂದು ಫೋಟೋ ಕೂಡ ಇಲ್ಲವಂತೆ. ಹಾರ ಹಾಕಲು ಬೇರೆ ಜಾಗ ಇರಲಿಲ್ಲ ಅವರಿಗೆ.

ಹೆಸರಿನ ವಿಚಾರ ಬಂದರೆ ನನಗೆ ಆರ್.ಟಿ. ನಗರದ ನಮ್ಮ ಹಳೆಯ ಬೀದಿಯ ನಾಯಿ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ರಾಜು ಎನ್ನುತ್ತಿದ್ದೆವು. ಪಕ್ಕದ ಮನೆಯವರಿಗೆ ಅದು ಟೈಗರ್. ಎದುರು ಮನೆಯ ಖಾಲಾ ಅದನ್ನು ಮೋತಿ ಎಂದು ಕರೆಯುತ್ತಿದ್ದರು. ಆ ನಾಯಿ ಮೂರು ಹೆಸರಿಗೂ ಬಾಲ ಅಲ್ಲಾಡಿಸಿ, ಮೂರು ಕಡೆಯೂ ಉಂಡು, ಮಧ್ಯಾಹ್ನ ಯಾರ ಮನೆಯ ಮುಂದೂ ಅಲ್ಲದ ಚರಂಡಿಯ ಕಲ್ಲಿನ ಮೇಲೆ ಮಲಗುತ್ತಿತ್ತು. ನಾನೂ ಎದುರು ಮನೆಯ ಹುಡುಗಿಯೂ ಅದರ ನಿಜವಾದ ಹೆಸರು ಯಾವುದೆಂದು ಜಗಳವಾಡಿ ಒಂದು ವಾರ ಮಾತು ಬಿಟ್ಟಿದ್ದೆವು. ನಾಯಿಯನ್ನು ಕೇಳೋಣವೆಂದು ಇಬ್ಬರಿಗೂ ಹೊಳೆಯಲಿಲ್ಲ. ಬಸ್ಸಿನವರೂ ಹಾಗೆಯೇ. ನಾನು ಇಳಿಯುವ ನಿಲ್ದಾಣವನ್ನು ಕಂಡಕ್ಟರ್ ಇಂದಿಗೂ ಬೇವಿನಮರ ಎಂದು ಕೂಗುತ್ತಾರೆ. ರಸ್ತೆ ಅಗಲ ಮಾಡುವಾಗ ಆ ಮರ ಹೋಗಿ ಎಷ್ಟೋ ಕಾಲವಾಯಿತು. ನಾವು ಮಾತ್ರ ದಿನಾ ಇಲ್ಲದ ಮರದ ಹತ್ತಿರ ಇಳಿದು, ಇಲ್ಲದ ಮರದ ಹತ್ತಿರ ಹತ್ತುತ್ತೇವೆ.

ನನ್ನ ಕತೆ ನಾಯಿಯಷ್ಟು ಸುಖದ್ದಲ್ಲ. ನಾನು ಹುಟ್ಟಿದ್ದು ಸುಮ ಎಂದು, ಸ್ಕೂಲಿಗೆ ಹೋಗಿದ್ದು ಸುಮ ಎಂದು, ಟೈಪಿಂಗ್ ಪರೀಕ್ಷೆ ಪಾಸಾದದ್ದು ಸುಮ ಎಂದು. ಮದುವೆಯಾಗಿ ಸೇರಿದ ಮನೆಯಲ್ಲಿ ಆಗಲೇ ಒಬ್ಬರು ಸುಮ ಇದ್ದರು, ಡೊಮೇನ್ ಎಂದರೇನು ಎಂದು ಕೇಳಿದ ಅದೇ ಓರಗಿತ್ತಿ. "ಒಂದೇ ಮನೇಲಿ ಇಬ್ರು ಸುಮ ಇದ್ರೆ, ಕೂಗಿದಾಗ ಯಾರು ಬರ್ಬೇಕು?" ಎಂದರು ನಮ್ಮ ಅತ್ತೆ. ಒಂದೇ ನೆಟ್‌ವರ್ಕಿನಲ್ಲಿ ಎರಡು ಕಂಪ್ಯೂಟರಿಗೆ ಒಂದೇ ಹೆಸರಿರಕೂಡದು ಎಂಬ ನಿಯಮವನ್ನು ಎಷ್ಟೋ ವರ್ಷದ ಮೇಲೆ ಒಂದು ದಪ್ಪ ಪುಸ್ತಕದಲ್ಲಿ ಓದಿದಾಗ, ನಮ್ಮತ್ತೆಗೆ ಇದು ಸರ್ವರೇ ಇಲ್ಲದೆ ತಿಳಿದಿತ್ತಲ್ಲ ಎಂದು ಬೆರಗಾದೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರ ಕೊಟ್ಟು, ವತ್ಸಲಾ ಎಂದು ನನ್ನ ಗಂಡನ ಕೈಯಲ್ಲಿ ಬರೆಸಿದರು. ಅವರ ಕೈಬರಹ ಕಾಗದದ ಮೇಲೆಯೇ ಓದಲಾಗುವುದಿಲ್ಲ, ಅಕ್ಕಿಯ ಮೇಲೆ ಕೇಳಬೇಕೆ. ಮೂರು ಸಲ ಅಳಿಸಿ ಬರೆದ ಮೇಲೆ ಪುರೋಹಿತರು ಸಾಕು ಬಿಡಿ ಎಂದರು.

ಹೊಸ ಹೆಸರು ತಟ್ಟೆಯ ಮೇಲೆ ಬಂತೇ ವಿನಾ ನನ್ನ ತಲೆಗೆ ಹತ್ತಲಿಲ್ಲ. ಅತ್ತೆ ಅಡುಗೆಮನೆಯಿಂದ "ವತ್ಸಲಾ, ವತ್ಸಲಾ" ಎಂದು ಕೂಗುತ್ತಿದ್ದರೆ, ನಾನು ಹಾಲಿನಲ್ಲಿ ಹುರುಳಿಕಾಯಿ ಬಿಡಿಸುತ್ತಾ, ಯಾರಪ್ಪ ಈ ವತ್ಸಲಾ, ಅಷ್ಟು ಕೂಗಿದರೂ ಎದ್ದು ಹೋಗಬಾರದೆ, ಎಷ್ಟು ಕೊಬ್ಬು ಇವಳಿಗೆ ಎಂದುಕೊಳ್ಳುತ್ತಿದ್ದೆ. ಆರು ತಿಂಗಳು ಹೀಗೇ ನಡೆಯಿತು. ಸೊಸೆಗೆ ಕಿವಿ ಮಂದ ಎಂದು ಅತ್ತೆ ನೆಂಟರಲ್ಲೆಲ್ಲ ಹೇಳಿಬಿಟ್ಟರು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಕೊನೆಗೆ ನೋಟರಿಯ ಹತ್ತಿರ ಹೋಗಿ ಸುಮ ಅಲಿಯಾಸ್ ವತ್ಸಲಾ ಎಂದು ಬರೆಸಿಕೊಂಡು ಬಂದೆ. ಪೊಲೀಸ್ ಸ್ಟೇಷನ್ನಿನ ಬೋರ್ಡಿನಲ್ಲಿ ರೌಡಿಗಳ ಹೆಸರು ಬರೆಯುವುದೂ ಹೀಗೆಯೇ ಎಂದು ನನ್ನ ತಮ್ಮ ಇವತ್ತಿಗೂ ಆಡಿಕೊಳ್ಳುತ್ತಾನೆ. ನಾನೂ ನಗುತ್ತೇನೆ. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಸುಮ ಎಂಬ ಹೆಸರು ನನಗೆ ಬಹಳ ಇಷ್ಟವಿತ್ತು. ಅದನ್ನು ಕೊಟ್ಟುಬಿಟ್ಟಾಗ ಯಾರೂ ನನ್ನನ್ನು ಕೇಳಲಿಲ್ಲ ಎಂಬ ಸಿಟ್ಟು ಇನ್ನೂ ಎಲ್ಲೋ ಒಂದು ಕಡೆ ಉಳಿದಿದೆ.

ಈಗ ಮಹದೇವಯ್ಯನವರ ಮಗಳ ವಿಷಯಕ್ಕೆ ಬರುತ್ತೇನೆ. ತಾಯಿ ತೀರಿಕೊಂಡ ವರ್ಷವೇ ಅವರಿಗೆ ಹೆಣ್ಣುಮಗು ಹುಟ್ಟಿತು. ಅಮ್ಮನೇ ಮತ್ತೆ ಬಂದಿದ್ದಾಳೆ ಎಂದು ಮಗುವಿಗೂ ನಂಜಮ್ಮ ಎಂದೇ ಹೆಸರಿಟ್ಟರು. ಇಟ್ಟದ್ದೇನೋ ಸರಿ, ಕರೆಯುವವರು ಯಾರು? ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಹಾಗಾಗಿ ಮಹದೇವಯ್ಯನವರ ಹೆಂಡತಿ ಗಿರಿಜಮ್ಮ ಮಗಳನ್ನು ಒಂದು ದಿನವೂ ಆ ಹೆಸರಿನಿಂದ ಕರೆಯಲಿಲ್ಲ. ಮಹದೇವಯ್ಯನವರಿಗೂ ಬಾಯಿ ಬರಲಿಲ್ಲ. ಹೆತ್ತ ತಾಯಿಯ ಹೆಸರು ಹಿಡಿದು, ಏ ಬಾರೆ, ಹಾಲು ಕುಡಿಯೆ ಎಂದು ಗದರಿಸುವುದು ಹೇಗೆ? ಮಗು ಪುಟ್ಟಿಯಾಯಿತು. ಮನೆಗೂ ಪುಟ್ಟಿ, ಬೀದಿಗೂ ಪುಟ್ಟಿ, ನಮ್ಮ ಆಫೀಸಿಗೂ ಪುಟ್ಟಿ. ನಂಜಮ್ಮ ಎಂಬ ಹೆಸರು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಅಲ್ಲಿ ಟೀಚರ್ ಅದನ್ನು ಕೂಗಿದಾಗಲೆಲ್ಲ, ರಿಯಾ, ಸಿಯಾ, ದಿಯಾ ಎಂಬ ಹೆಸರಿನ ಮಕ್ಕಳು ಕಿಸಕ್ಕನೆ ನಗುತ್ತಿದ್ದವಂತೆ.

ಸಂಜೆ ಸ್ಕೂಲು ಬಿಟ್ಟ ಮೇಲೆ ಪುಟ್ಟಿ ಆಫೀಸಿಗೆ ಬಂದು ನನ್ನ ಪಕ್ಕ ಕೂತು ಹೋಂವರ್ಕ್ ಮಾಡುತ್ತಿದ್ದಳು. ಸರ್ವರ್ ಬಂದ ಹೊಸದರಲ್ಲಿ ಎಲ್ಲ ಪರದೆಗಳ ಮೇಲೂ ತನ್ನ ಹೆಸರು ಕಂಡು, "ಆಂಟಿ, ಇಲ್ಲೂ ಹಾಕ್ಬಿಟ್ರಾ?" ಎಂದು ಅಳುಮುಖ ಮಾಡಿದ್ದಳು. ಅದು ನಿನ್ನದಲ್ಲ, ನಿಮ್ಮಜ್ಜಿಯದು ಎಂದು ಸಮಾಧಾನ ಮಾಡಿದ್ದೆ. ಕಾಲೇಜು ಸೇರುವ ಹೊತ್ತಿಗೆ ಅವಳು ಹೆಸರನ್ನು ಮಡಿಸಿ ಮಡಿಸಿ ಒಂದೇ ಒಂದು ಇನಿಷಿಯಲ್ ಮಾಡಿಕೊಂಡಿದ್ದಳು. ಎನ್. ಮಹದೇವಯ್ಯ. ಮುಂದೆ ಅವಳ ವಿಸಿಟಿಂಗ್ ಕಾರ್ಡು ನೋಡಿದವರು ಯಾರೋ ವಯಸ್ಸಾದ ಗಂಡಸು ಇರಬೇಕೆಂದುಕೊಂಡು ಬಂದು, ಜೀನ್ಸ್ ತೊಟ್ಟ ಹುಡುಗಿಯನ್ನು ನೋಡಿ ತಬ್ಬಿಬ್ಬಾಗುತ್ತಿದ್ದರು.

ಆರ್ಕಿಟೆಕ್ಟ್ ಆಗಿ ಅಪ್ಪನ ಆಫೀಸಿಗೇ ಬಂದಳು. ಬಂದವಳು ಸುಮ್ಮನಿರಲಿಲ್ಲ. ಕಿಟಕಿ ದೊಡ್ಡದಾಯಿತು, ಗೋಡೆಯ ಮೇಲಿನ ಲಕ್ಷ್ಮಿಯ ಕ್ಯಾಲೆಂಡರ್ ಸರ್ವರ್ ಕೋಣೆಗೆ ವರ್ಗವಾಯಿತು, ಮಹದೇವಯ್ಯ ಅಂಡ್ ಅಸೋಸಿಯೇಟ್ಸ್ ಎಂಬ ಬೋರ್ಡು ಇಳಿದು ಜಗಲಿ ಎಂಬ ಬೋರ್ಡು ಏರಿತು.

"ಜಗಲಿ ಅಂತೆ," ಎಂದರು ಯಜಮಾನರು ನನ್ನ ಹತ್ತಿರ. "ನಾವು ಹಾಕೋದು ಥರ್ಟಿ ಫಾರ್ಟಿ ಸೈಟಿನ ಪ್ಲಾನು. ಕಾರು ನಿಲ್ಸೋಕೇ ಜಾಗ ಇರಲ್ಲ, ಇನ್ನ ಜಗಲಿ ಎಲ್ಲಿಂದ ತರೋಣ?" ಬಾಯಲ್ಲಿ ಹೀಗೆಂದರೂ, ಬೋರ್ಡು ಏರಿದ ದಿನ ರಸ್ತೆಯ ಆ ಕಡೆ ನಿಂತು ಅದನ್ನು ಅವರು ನೋಡಿದ ಬಗೆಯನ್ನು ನಾನು ಕಂಡಿದ್ದೇನೆ. ಮಗಳೆಂದರೆ ಅವರಿಗೆ ಪ್ರಾಣ.

ಒಂದು ದಿನ ಪುಟ್ಟಿ ನನ್ನ ಮೇಜಿನ ಹತ್ತಿರ ಬಂದು ಕೂತಳು. "ಆಂಟಿ, ನಿನ್ನೆ ತಣಿಸಂದ್ರದ ಕ್ಲೈಂಟ್‌ಗೆ ಸ್ಕ್ರೀನ್ ಶೇರ್ ಮಾಡಿದ್ನಲ್ಲ, ಮೇಲ್ಗಡೆ ನಂಜಮ್ಮ ಅಂತ ಬಂತು. ಯಾರದು ನಂಜಮ್ಮ ಅಂತ ಕೇಳಿದ್ರು."

"ನೀನೇನಂದೆ?"

"ನಮ್ ಸರ್ವರ್ ಅಂದೆ."

ನಾನು ನಕ್ಕೆ. ಅವಳು ನಗಲಿಲ್ಲ. "ಇದನ್ನೂ ಜಗಲಿ ಅಂತ ಮಾಡ್ಬಿಡಿ ಆಂಟಿ. ಆಗುತ್ತಲ್ಲ?"

ಅದೇ ಸಂಜೆ ಮಹದೇವಯ್ಯನವರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ವತ್ಸಲಾ ಅವ್ರೇ, ಪುಟ್ಟಿ ಹೇಳಿದ್ಲಂತೆ. ಅದು ಮಾಡೋಕಾಗುತ್ತಾ? ಹಳೇ ಮಿಷನ್ನು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಆಗಲ್ಲ ಅಂದ್ರೆ ಆಗಲ್ಲ ಅನ್ನಿ, ಪರವಾಗಿಲ್ಲ."

ಆ ಮನುಷ್ಯ ನನ್ನಿಂದ ಕೇಳಲು ಬಯಸಿದ್ದು ಆಗಲ್ಲ ಸಾರ್ ಎಂಬ ಎರಡೇ ಮಾತು. ಅಷ್ಟು ಹೇಳಿದ್ದರೆ ನಂಜಮ್ಮ ಉಳಿಯುತ್ತಿದ್ದಳು, ಅಪ್ಪ ಮಗಳ ನಡುವೆಯೂ ಏನೂ ಬರುತ್ತಿರಲಿಲ್ಲ. ಆದರೆ ಹೇರ್‌ಪಿನ್ನಿನಿಂದ ಮೇಲೆ ಬಂದವಳ ಜಂಭ ನಿಮಗೆ ಗೊತ್ತಿಲ್ಲ. ನನ್ನ ಕೈಲಿ ಆಗದ್ದೊಂದು ಕೆಲಸವಿದೆ ಎಂದು ಒಪ್ಪಿಕೊಳ್ಳುವುದೇ? "ಯಾಕಾಗಲ್ಲ ಸಾರ್? ಒಂದು ಶನಿವಾರ ಸಿಕ್ಕರೆ ಮಾಡಿಮುಗಿಸ್ತೀನಿ" ಎಂದುಬಿಟ್ಟೆ. ಹೇಳಿದ ಮೇಲೆ ಅವರ ಮುಖ ನೋಡಿದೆ. ನಾಲಿಗೆ ಕಚ್ಚಿಕೊಂಡೆ.

"ನಿಮಗಿಷ್ಟ ಇಲ್ಲ ಅಂತ ಅವಳಿಗೆ ಒಂದ್ ಮಾತು ಹೇಳಿ ಸಾರ್," ಎಂದೆ.

"ಏನಂತ ಹೇಳ್ಲಿ? ಆ ಹೆಸ್ರಿಂದ ಸ್ಕೂಲಲ್ಲಿ ಎಷ್ಟು ಅತ್ತಿದಾಳೆ ನಂಗೊತ್ತಿಲ್ವಾ? ಇಟ್ಟಿದ್ದೂ ಅಲ್ದೆ ಇನ್ನೂ ಅದನ್ನೇ ಹಿಡ್ಕೊಂಡು ಕೂತಿದಾರೆ ನಮ್ಮಪ್ಪ ಅಂದ್ಕೋತಾಳೆ. ಬೇಡ. ಮಾಡಿ." ಕನ್ನಡಕ ಹಾಕಿಕೊಂಡು, "ನಮ್ಮಮ್ಮನ ಹೆಸರನ್ನ ದಿನಾ ಯಾರಾದ್ರೂ ಹೇಳ್ತಾರೆ ಅಂತಿದ್ದಿದ್ದು ಇದೊಂದೇ ಕಡೆ," ಎಂದರು. ನನಗೆ ನನ್ನ ಮೇಲೆಯೇ ಬೇಜಾರಾಗಿ, ಆ ದಿನ ಮನೆಗೆ ಹೋಗಿ ಕಾರಣವಿಲ್ಲದೆ ಗಂಡನನ್ನು ಬೈದೆ.

ಡೊಮೇನಿನ ಹೆಸರು ಬದಲಾಯಿಸುವುದೆಂದರೆ ಬೋರ್ಡು ಬದಲಾಯಿಸಿದ ಹಾಗಲ್ಲ. ಮೊದಲು ಸರ್ವರಿಗೆ ಹೊಸ ಹೆಸರು ಹೇಳಬೇಕು. ಆಮೇಲೆ ಪ್ರತಿಯೊಂದು ಕಂಪ್ಯೂಟರನ್ನೂ ಎರಡೆರಡು ಸಲ ಮಲಗಿಸಿ ಎಬ್ಬಿಸಬೇಕು. ಮೊದಲನೇ ಸಲ ಎದ್ದಾಗ ಅದು ಹೊಸ ಹೆಸರನ್ನು ಕೇಳಿಸಿಕೊಳ್ಳುತ್ತದೆ, ಎರಡನೇ ಸಲ ಎದ್ದಾಗ ನಂಬುತ್ತದೆ. ಆ ಹೊತ್ತಿನಲ್ಲಿ ಯಾವುದಾದರೂ ಕಂಪ್ಯೂಟರ್ ತಪ್ಪಿಸಿಕೊಂಡರೆ ಮುಗಿಯಿತು, ಅದು ಹಳೆಯ ಹೆಸರನ್ನೇ ಹಿಡಿದು ಕೂರುತ್ತದೆ. ನನ್ನನ್ನು ಇಂದಿಗೂ ಸುಮ ಎನ್ನುವ ನನ್ನ ತವರುಮನೆ ಇದೆಯಲ್ಲ, ಹಾಗೆ.

ಶನಿವಾರ ಬಂತು. ರಾಹುಕಾಲ ಕಳೆಯಲಿ ಎಂದು ಹತ್ತೂವರೆಯವರೆಗೆ ಕಾದೆವು. ಹೆಸರಿಡಲು ಕಾದವರು ತೆಗೆಯುವಾಗಲೂ ಕಾಯಬೇಡವೇ ಎಂದರು ಯಜಮಾನರು. ಯಾರೂ ಕಂಪ್ಯೂಟರ್ ಆಫ್ ಮಾಡಿ ಎದ್ದುಹೋಗಬಾರದು, ನಾನು ಹೇಳಿದಾಗ ಎಲ್ಲರೂ ಎರಡು ಸಲ ರೀಸ್ಟಾರ್ಟ್ ಮಾಡಬೇಕು ಎಂದು ಡಂಗುರ ಸಾರಿದೆ. ಪ್ಲಾಟರ್ ನೋಡಿಕೊಳ್ಳುವವರು ಇಕ್ಬಾಲ್ ಭಾಯ್, ನನಗಿಂತ ಹಿರಿಯರು, ಕೈಯಲ್ಲಿ ನಕ್ಷೆ ಬರೆಯುತ್ತಿದ್ದ ಕಾಲದವರು. ಪ್ಲಾಟರಿಗೆ ಜೋಡಿಸಿದ ಅವರ ಕಂಪ್ಯೂಟರ್ ಆಫೀಸಿನಲ್ಲೇ ಅತಿ ಹಳೆಯದು. ಅದನ್ನು ಅವರು ಎಂದೂ ಆಫ್ ಮಾಡುವುದಿಲ್ಲ.

"ಮೇಡಂ, ಇವ್ನು ಬುಡ್ಡಾ ಆಗಿದಾನೆ. ಮಲ್ಕೊಂಡ್ರೆ ಏಳ್ತಾನೋ ಇಲ್ವೋ," ಎಂದರು.

"ಎರಡೇ ಎರಡು ಸಲ, ಇಕ್ಬಾಲ್ ಭಾಯ್. ಅಷ್ಟೇ."

"ಆಯ್ತು ಬಿಡಿ."

ಮಧ್ಯಾಹ್ನದ ಹೊತ್ತಿಗೆ ಒಂದೊಂದಾಗಿ ಪರದೆಗಳ ಮೇಲೆ ಜಗಲಿ ಎಂಬ ಹೆಸರು ಬರತೊಡಗಿತು. ಪುಟ್ಟಿ ಎಲ್ಲರಿಗೂ ಮೈಸೂರ್‌ಪಾಕ್ ಹಂಚಿದಳು. ನಾನು ಒಂದು ಹಾಳೆಯಲ್ಲಿ ಒಂದೊಂದು ಕಂಪ್ಯೂಟರಿಗೂ ಟಿಕ್ ಹಾಕುತ್ತಾ ಬಂದೆ. "ಇಕ್ಬಾಲ್ ಭಾಯ್, ನಿಮ್ದು?" ಎಂದು ಕೂಗಿದ್ದಕ್ಕೆ, ಹಾಳೆಯ ಸುರುಳಿಯ ಹಿಂದಿನಿಂದ, "ಮಾಡ್ದೆ ಮೇಡಂ. ಆಫ್, ಆನ್. ಆಫ್, ಆನ್. ಎರಡು ಸಲ" ಎಂಬ ಉತ್ತರ ಬಂತು. ಅದಕ್ಕೂ ಟಿಕ್ ಹಾಕಿದೆ.

ಕೊನೆಗೆ ಒಂದೇ ಒಂದು ಆಜ್ಞೆ ಉಳಿಯಿತು. ಹಳೆಯ ಹೆಸರಿನ ಗುರುತನ್ನೆಲ್ಲ ಸರ್ವರಿನಿಂದ ಒರೆಸಿಹಾಕುವ ಆಜ್ಞೆ. ಅದಕ್ಕೆ ಕ್ಲೀನ್ ಎನ್ನುತ್ತಾರೆ. ಇಂಥ ಪದವನ್ನು ಇದಕ್ಕೆ ಇಟ್ಟವರು ಯಾರೋ, ಅವರ ಮನೆಯಲ್ಲಿ ಹಿರಿಯರು ಇರಲಿಲ್ಲವೆಂದು ಕಾಣುತ್ತದೆ. ತಿರುಗಿ ನೋಡಿದರೆ ಮಹದೇವಯ್ಯನವರು ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತಿದ್ದರು.

"ಆಯ್ತಾ?"

"ಇನ್ನೊಂದು ಗುಂಡಿ ಒತ್ತಬೇಕು ಸಾರ್."

"ಒತ್ತಿ," ಎಂದು ಹೇಳಿ ಹೊರಟುಹೋದರು. ನಾನು ಒತ್ತಲಿಲ್ಲ. ಎದ್ದು ಹೋಗಿ ಕಾಫಿ ಮಾಡಿಕೊಂಡೆ, ಲೋಟ ತೊಳೆದೆ, ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದೆ. ಆಮೇಲೆ ಬಂದು ಒತ್ತಿದೆ. ಕಣ್ಣು ತುಂಬಿ ಬಂತು. ಒಂದು ಪೆಟ್ಟಿಗೆಗಾಗಿ ಅಳುವಷ್ಟು ಹುಚ್ಚು ನನಗೆ ಯಾವಾಗ ಹಿಡಿಯಿತೋ ತಿಳಿಯದು.

ಸೋಮವಾರ ಹತ್ತೂಮುಕ್ಕಾಲಿಗೆ ಕರೆಂಟ್ ಹೋಗಿ ಎರಡೇ ನಿಮಿಷದಲ್ಲಿ ಬಂತು. ಸರ್ವರಿಗೂ ಮಿಕ್ಕ ಕಂಪ್ಯೂಟರುಗಳಿಗೂ ಯುಪಿಎಸ್ ಇತ್ತು. ಇಕ್ಬಾಲ್ ಭಾಯಿಯ ಮುದುಕನಿಗೆ ಮಾತ್ರ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಮೇಡಂ, ಸ್ವಲ್ಪ ಬರ್ತೀರಾ, ಇವ್ನು ಏನೋ ಹೇಳ್ತಿದಾನೆ" ಎಂದು ಕರೆದರು. ಹೋಗಿ ನೋಡಿದೆ. ನಂಜಮ್ಮ ಎಂಬ ಡೊಮೇನ್ ಲಭ್ಯವಿಲ್ಲ, ಆದ್ದರಿಂದ ನಿಮ್ಮನ್ನು ಒಳಗೆ ಬಿಡಲಾಗುವುದಿಲ್ಲ ಎಂಬರ್ಥದ ಇಂಗ್ಲಿಷ್ ಸಾಲು ಪರದೆಯ ಮೇಲೆ ಬಂದಿತ್ತು.

"ಇಕ್ಬಾಲ್ ಭಾಯ್, ಶನಿವಾರ ಎರಡು ಸಲ ಆಫ್ ಆನ್ ಮಾಡಿದ್ರಲ್ಲ. ಏನನ್ನ ಮಾಡಿದ್ರಿ?"

"ಇದನ್ನೇ," ಎಂದು ಅವರು ಪರದೆಯ ಕೆಳಗಿನ ಗುಂಡಿ ಒತ್ತಿ ತೋರಿಸಿದರು. ಮಾನಿಟರ್ ಕಪ್ಪಾಯಿತು. ಮತ್ತೆ ಒತ್ತಿದರು. ಬೆಳಗಿತು. ಕಂಪ್ಯೂಟರಿನ ಪೆಟ್ಟಿಗೆಯನ್ನು ಅವರು ಮುಟ್ಟಿಯೇ ಇರಲಿಲ್ಲ. ನಾನು ಹಣೆ ಚಚ್ಚಿಕೊಳ್ಳಬೇಕೋ ನಗಬೇಕೋ ಎಂದು ನೋಡುತ್ತಿರುವಾಗ, ಒಂದು ನಕ್ಷೆ ಬೇಕಾಗಿ ಮಹದೇವಯ್ಯನವರೇ ಅಲ್ಲಿಗೆ ಬಂದರು. ಬಗ್ಗಿ ಪರದೆಯನ್ನು ಓದಿದರು.

"ನಂಜಮ್ಮ ಈಸ್ ನಾಟ್ ಅವೈಲಬಲ್," ಎಂದು ನಿಧಾನವಾಗಿ ಗಟ್ಟಿಯಾಗಿ ಓದಿ, ಇಕ್ಬಾಲ್ ಭಾಯಿಯ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಈಗ್ಲೇ ಸರಿಮಾಡ್ತೀನಿ ಸಾರ್," ಎಂದೆ ಗಾಬರಿಯಿಂದ.

"ಇರಿ," ಎಂದರು. ಆಮೇಲೆ, ನಮ್ಮಿಬ್ಬರಿಗೂ ಹೇಳುತ್ತಿದ್ದಾರೋ ಪರದೆಗೆ ಹೇಳುತ್ತಿದ್ದಾರೋ ತಿಳಿಯದ ಹಾಗೆ, ಅಲ್ಲಿಯವರೆಗೆ ಎಂದೂ ಹೇಳದ ಒಂದು ಮಾತನ್ನು ಹೇಳಿದರು. ಅವರ ತಾಯಿ ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಈರುಳ್ಳಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದರಂತೆ. ಬೆಳಿಗ್ಗೆ ಗೇಟಿನ ಹತ್ತಿರ ಹೆಂಗಸರೆಲ್ಲ ನಿಲ್ಲಬೇಕು, ಮೇಸ್ತ್ರಿ ಒಬ್ಬೊಬ್ಬರ ಹೆಸರು ಕೂಗಬೇಕು. "ನನ್ನನ್ನ ಬಿಟ್ಟುಬರೋಕೆ ಯಾರೂ ಇರ್ಲಿಲ್ಲ, ಜೊತೇಲಿ ಕರ್ಕೊಂಡ್ ಹೋಗೋಳು. ಹೆಸರು ಕೂಗೋವರೆಗೂ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿರೋಳು. ನಂಜಮ್ಮಾ ಅಂತ ಕೂಗಿದ್ರೆ, ಇದೀನಣ್ಣಾ ಅನ್ನೋಳು, ಕೈ ಬಿಡೋಳು. ಅಂದ್ರೆ ಅವತ್ತು ಕೆಲಸ ಇದೆ ಅಂತ. ಒಂದೊಂದು ದಿನ ಕೂಗ್ತಾನೇ ಇರ್ಲಿಲ್ಲ. ವಾಪಸ್ ಬರೋವಾಗ ದಾರಿಯುದ್ದಕ್ಕೂ ಮಾತಾಡ್ತಿರ್ಲಿಲ್ಲ." ಮತ್ತೆ ಪರದೆಯತ್ತ ನೋಡಿ, "ದಿನಾ ಬೆಳಿಗ್ಗೆ ಆಫೀಸಲ್ಲಿ ಅಷ್ಟೂ ಜನ ಅಮ್ಮನ ಹೆಸ್ರು ಕೂಗಿದ ಹಂಗೆ ಇರ್ತಿತ್ತು ನಂಗೆ," ಎಂದರು.

ಇಕ್ಬಾಲ್ ಭಾಯ್ ಆ ಕಡೆ ತಿರುಗಿ ಹಾಳೆಯ ಸುರುಳಿ ಸರಿಪಡಿಸತೊಡಗಿದರು. ಅದು ಸರಿಯಾಗಿಯೇ ಇತ್ತು.

ಮಹದೇವಯ್ಯನವರು ಸ್ಟೂಲಿನ ಮೇಲೆ ಕೂತಲ್ಲಿಂದಲೇ ಗಾಜಿನ ಬಾಗಿಲಿನತ್ತ ಮುಖ ತಿರುಗಿಸಿ ಕರೆದರು.

"ನಂಜಮ್ಮಾ."

ದನಿ ಅಷ್ಟೇನೂ ದೊಡ್ಡದಿರಲಿಲ್ಲ. ಆದರೂ ಆಫೀಸಿನಲ್ಲಿದ್ದವರೆಲ್ಲ ಕೈಲಿದ್ದ ಕೆಲಸ ನಿಲ್ಲಿಸಿದರು. ಒಳಗೆ ಫೋನಿನಲ್ಲಿದ್ದ ಪುಟ್ಟಿ, ಒಂದ್ನಿಮಿಷ ಸರ್ ಎಂದು ಯಾರಿಗೋ ಹೇಳಿ, "ಇದೀನಪ್ಪಾ, ಏನು?" ಎನ್ನುತ್ತಾ ಫೋನು ಹಿಡಿದೇ ಎದ್ದು ಬಂದಳು.

ಅರ್ಧ ದಾರಿಗೆ ಬಂದ ಮೇಲೆ ಅವಳಿಗೆ ತಿಳಿಯಿತು. ಹೆಜ್ಜೆ ನಿಂತಿತು. ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಹಳೆಯ ಪರದೆಯ ಮೇಲಿದ್ದ ಸಾಲನ್ನು ಓದಿದಳು. ಹುಟ್ಟಿದಾಗಿನಿಂದ ಆ ಬಾಯಿಂದ ಆ ಹೆಸರನ್ನು ಅವಳು ಕೇಳಿರಲಿಲ್ಲ. ಫೋನನ್ನು ಕಟ್ ಮಾಡಿ ಜೇಬಿಗೆ ಹಾಕಿಕೊಂಡಳು.

ಕರೆದದ್ದೇನೋ ಆಯಿತು, ಕರೆದವರ ಹತ್ತಿರ ಕೆಲಸ ಒಂದೂ ಇರಲಿಲ್ಲ. ಮಹದೇವಯ್ಯನವರು ತಡವರಿಸಿ, "ಊಟ ಆಯ್ತಾ?" ಎಂದರು.

"ಹನ್ನೊಂದು ಗಂಟೆಗೆ ಯಾರಪ್ಪಾ ಊಟ ಮಾಡ್ತಾರೆ?" ಎಂದಳು. ಆದರೆ ಹೋಗಲಿಲ್ಲ. ಹತ್ತಿರ ಬಂದು ಅವರ ಪಕ್ಕದಲ್ಲೇ ನಿಂತಳು.

ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಎದ್ದು ನಿಂತು, "ವತ್ಸಲಾ ಅವ್ರೇ, ಇದನ್ನೂ ಜಗಲಿಗೆ ಸೇರಿಸ್ಬಿಡಿ" ಎಂದರು.